ಹಳೆಯ ಹಾದಿಗಳ ಸುಖ

ಪ್ರಯಾಣದ ಸುಖವು ಊರನ್ನು ಸೇರುವುದರಲ್ಲಿದೆಯೋ ದಾರಿಯನ್ನು ಸವೆಸುವುದರಲ್ಲಿದೆಯೋ ಎಂಬ ಪ್ರಶ್ನೆ ಹೊಸದಲ್ಲ. ಆದರೆ 2023ನೆಯ ಇಸವಿಯಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿ ತೆರೆದ ಮೇಲೆ ಆ ಪ್ರಶ್ನೆ ನಮಗೆ ಮತ್ತೆ ಎದುರಾಗಿದೆ. 118 ಕಿಲೋಮೀಟರುಗಳ ಆ ಹಾದಿಯನ್ನು ಮೋಟಾರು ಒಂದೂವರೆ ಗಂಟೆಯಲ್ಲಿ ದಾಟಬಲ್ಲುದು. ಅದೇ ವರ್ಷದ ಆಗಸ್ಟಿನಿಂದ ಬೈಸಿಕಲ್ಲು, ಆಟೋ, ಟ್ರಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಾಯಿತು. ವೇಗಕ್ಕೆ ಇಂತಹ ಕಟ್ಟುಪಾಡು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಈಚೆಗೆ ಒಮ್ಮೆ ಶ್ರೀರಂಗಪಟ್ಟಣದ ಬಳಿ ಅದನ್ನು ಬಿಟ್ಟು, ಪಾಂಡವಪುರ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳ ಮೇಲೆ ಶ್ರವಣಬೆಳಗೊಳದ ಕಡೆಗೆ ಹೋಗುವ ಹಳ್ಳಿಯ ದಾರಿಯನ್ನು ಹಿಡಿದೆವು. ಅಲ್ಲಿ ಕಂಡುದನ್ನೇ ಈ ದಿನ ಕೇಳುಗರ ಮುಂದಿಡುತ್ತೇವೆ.

ಈ ಸೀಮೆಯಲ್ಲಿ ನಮಗಿಂತ ಮೊದಲು ನಡೆದವರು ಬಹು ಮಂದಿ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ದೇಶದ ಸ್ಥಿತಿಯನ್ನು ತಿಳಿಯಲು ಹೊರಟು, ತೊಣ್ಣೂರನ್ನೂ ಮೇಲುಕೋಟೆಯನ್ನೂ ನೋಡಿದನು. ದಿನಕ್ಕೆ ಕೆಲವೇ ಹರದಾರಿಗಳ ಪಯಣ. ಮಣ್ಣಿನ ಗುಣ, ಬಿತ್ತನೆಯ ಕ್ರಮ, ನೇಗಿಲಿನ ಆಕಾರ, ಕುಲುಮೆಯ ಕೆಲಸ, ಎಲ್ಲವನ್ನೂ ಕೇಳಿ ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ಇಂದಿಗೂ ಚರಿತ್ರಕಾರರಿಗೆ ಆಧಾರವಾಗಿವೆ. ನಿಧಾನವಾಗಿ ಸಾಗಿದುದರಿಂದಲೇ ಅವನಿಗೆ ಅಷ್ಟು ಕಂಡಿತೆಂದು ನಮ್ಮ ನಂಬಿಕೆ.

ಪಾಂಡವಪುರದ ಸುತ್ತ ಇಂದು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಕಬ್ಬೂ ಬತ್ತವೂ ಬೆಳೆದು ಕಣ್ಣು ತಂಪಾಗುತ್ತದೆ. ಬುಕನನ್ನನ ಕಾಲದಲ್ಲಿ ಆ ನಾಲೆಯಿರಲಿಲ್ಲ, ತೊಣ್ಣೂರಿನ ಕೆರೆಯಿತ್ತು. ಎರಡು ಬೆಟ್ಟಗಳ ನಡುವಿನ ಆ ತಿಳಿನೀರಿನ ದಡದಲ್ಲಿ ನಾವು ಬುತ್ತಿ ಬಿಚ್ಚಿದೆವು. ಅಲ್ಲಿಂದ ಮುಂದೆ ಹಸುರು ತೆಳುವಾಗಿ, ರಾಗಿಯ ಹೊಲಗಳೂ ಬಂಡೆಗಳೂ ತೋರಿ, ದಾರಿ ಮೇಲುಕೋಟೆಯ ಬೆಟ್ಟವನ್ನೇರುತ್ತದೆ. ಚೆಲುವನಾರಾಯಣನ ವೈರಮುಡಿಯು ವರ್ಷಕ್ಕೊಮ್ಮೆ ಮಂಡ್ಯದ ಖಜಾನೆಯಿಂದ ಈ ಬೆಟ್ಟಕ್ಕೆ ಬರುವಾಗ ದಾರಿಯ ಹಳ್ಳಿಗಳವರು ಅದನ್ನು ನಿಲ್ಲಿಸಿ ಪೂಜೆ ಮಾಡುವರು. ದೇವರ ಕಿರೀಟವೂ ಊರೂರಿಗೆ ನಿಂತು ಹೋಗಬೇಕು, ಅವಸರಪಡುವಂತಿಲ್ಲ.

ಇಂತಹ ದಾರಿಗಳಲ್ಲಿ ಸಾಲುಮರ, ಬಾವಿ, ಕಲ್ಲುಮಂಟಪ, ಅರಳಿಕಟ್ಟೆಗಳನ್ನು ಕಂಡಾಗ ಇವು ತಾವಾಗಿಯೇ ಆದುವೆಂಬ ಭ್ರಮೆ ನಮಗುಂಟಾಗುತ್ತದೆ. ಹಾಗಲ್ಲ. ದಾರಿಯ ಬದಿಯಲ್ಲಿ ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದುದಾಗಿ ಅಶೋಕನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಕಂಬದ ಮೇಲೆ ಬರೆಯಿಸಿದ್ದಾನೆ. ದೊರೆಗಳು ಮಾಡಿದ್ದನ್ನು ಬಡವರೂ ಮಾಡಿದರು. ಈ ಧರ್ಮವು ನಮ್ಮ ಕಾಲದವರೆಗೂ ನಡೆದು ಬಂದಿತೆಂಬುದಕ್ಕೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೇ ಸಾಕ್ಷಿ. 2025ರಲ್ಲಿ ತೀರಿಕೊಂಡ ಈ ತಾಯಿ, ಮಕ್ಕಳಿಲ್ಲದ ದುಃಖದಲ್ಲಿ ಪತಿಯೊಡನೆ ಕೂಡಿ, ಕುದೂರಿನ ರಸ್ತೆಯಲ್ಲಿ ನೂರಾರು ಆಲದ ಸಸಿಗಳನ್ನು ನೆಟ್ಟು ಕೊಡದಲ್ಲಿ ನೀರು ಹೊತ್ತು ಬೆಳೆಸಿದರು.

ಸಂಸ್ಥಾನದ ರಸ್ತೆಗಳು ಬಹುಮಟ್ಟಿಗೆ ಹರಡಿದುದು 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು. ಸರಕು ರೈಲನ್ನೇರಿತು, ದೂರದ ಪ್ರಯಾಣಿಕರೂ ಅದನ್ನೇ ಹಿಡಿದರು. ಒಳನಾಡಿನ ಎಷ್ಟೋ ಹಾದಿಗಳು ಹಳ್ಳಿಯವರ ಪಾಲಿಗೆ ಉಳಿದುವು. ಅವುಗಳ ಮರಗಳೂ ಮಂಟಪಗಳೂ ಇಷ್ಟು ಕಾಲ ಬಾಳಿದುದಕ್ಕೆ ಈ ಮರೆವೂ ಒಂದು ಕಾರಣವಿರಬಹುದು.

ನಾಗಮಂಗಲವನ್ನು ದಾಟಿ ಕಂಬದಹಳ್ಳಿಯ ಗಂಗರ ಕಾಲದ ಬಸದಿಯ ಕಡೆಗೆ ಹೋಗುತ್ತಿರುವಾಗ, ಅಗಲಿಸುತ್ತಿದ್ದ ರಸ್ತೆಯ ಬದಿಯಲ್ಲಿ, ಮಣ್ಣಿನ ಗುಡ್ಡೆಯ ಮೇಲೆ ಮೂರು ಉದ್ದನೆಯ ಚಪ್ಪಡಿಗಳು ಬಿದ್ದಿದ್ದುವು. ಅವೇನೆಂದು ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು ಕೇಳಿದೆವು.

"ಹೊರೆ ಇಳಿಸೋ ಕಲ್ಲು ಸ್ವಾಮಿ. ಎರಡು ನಿಲ್ಲಿಸಿ ಮೇಲೊಂದು ಅಡ್ಡ ಇಡೋರು. ಸಂತೆಗೆ ಹೊತ್ಕೊಂಡು ಹೋಗೋರು ಯಾರ ಕೈನೂ ಕಾಯದೆ ಇಳಿಸ್ಬೋದಿತ್ತು. ಬಸುರಿ ಹೆಣ್ಣು ಹೆರದೆ ತೀರಿಹೋದ್ರೆ ಅವಳ ಹೆಸರಲ್ಲಿ ಮನೆಯವರು ನಿಲ್ಲಿಸೋರು. ಅವಳ ಹೊರೆ ಇಳೀಲಿಲ್ಲವಲ್ಲ" ಎಂದರು.

ತಮಿಳುನಾಡಿನಲ್ಲಿಯೂ ಇಂತಹ ಕಲ್ಲುಗಳಿವೆ. ಅಲ್ಲಿ ಸುಮೈತಾಂಗಿ ಎಂದು ಹೆಸರು, ನಂಬಿಕೆಯೂ ಇದೇ. ಆ ಚಪ್ಪಡಿಗಳ ಮೇಲೆ ಅಕ್ಷರವಿರಲಿಲ್ಲ. ಯಾವ ಹೆಣ್ಣುಮಗಳ ನೆನಪಿಗೆ ನಿಂತಿದ್ದುವೋ ಮುದುಕರಿಗೂ ತಿಳಿಯದು. ಎಷ್ಟೋ ತಲೆಗಳ ಭಾರವನ್ನು ಹೊತ್ತ ಕಲ್ಲು ಈಗ ಜಲ್ಲಿಯಾಗುವುದಕ್ಕೆ ಕಾದಿತ್ತು.

ಹಳ್ಳಿಯ ದಾರಿಯಲ್ಲಿ ನಾವು ಅನುಭವಿಸುವ ಸುಖವೆಲ್ಲವೂ ಹೀಗೆ ಯಾರೋ ಪರಸ್ಥಳದವರಿಗಾಗಿ ಯಾರೋ ಇಟ್ಟು ಹೋದ ದಾನ. ಅಲ್ಲಿ ನೆರಳಲ್ಲಿ ಕುಳಿತವನು ಒಬ್ಬರಿಗೆ ಋಣಿ. ಹೆಸರು ಗೊತ್ತಿಲ್ಲದಿದ್ದರೂ ಋಣ ಋಣವೇ. ರಸ್ತೆ ಅಗಲವಾಗಲಿ, ರೈತನ ಬೆಳೆ ಬೇಗ ಪೇಟೆ ಮುಟ್ಟಲಿ. ಆದರೆ ಕಿತ್ತ ಕಲ್ಲನ್ನು ಹತ್ತು ಮಾರು ಆಚೆ ಮತ್ತೆ ನಿಲ್ಲಿಸುವುದು, ಕಡಿದ ಮರದ ಬದಲಿಗೆ ಒಂದು ಆಲವನ್ನು ನೆಟ್ಟು ನೀರೆರೆಯುವುದು ಯಾವ ಊರಿಗೂ ಮೀರಿದ ಕೆಲಸವಲ್ಲ. ಕೇಳುಗರು ತಮ್ಮ ಊರಿನ ಹಳೆಯ ಹಾದಿಯಲ್ಲಿ ಒಂದು ಸಂಜೆ ನಡೆದು, ಅಲ್ಲಿ ಏನೇನು ಉಳಿದಿದೆಯೆಂದು ನೋಡಿ ಬಂದರೆ ಈ ಮಾತು ಸಾರ್ಥಕವಾದೀತು.