ಉಗ್ಗಾಣಿ ಯಾರ ಪದ?

ನಾನು ಪತ್ತಿಕೊಂಡದ ಕಡೆಯವಳು. ಹಾಸ್ಟೆಲಿಗೆ ಬಂದ ಹೊಸದರಲ್ಲಿ 'ಉಗ್ಗಾಣಿ' ಅಂದಾಗ, 'ಅದು ತೆಲುಗು ಕಣೇ' ಅಂತ ಗೆಳತಿಯರು ನಕ್ಕಿದ್ದರು. ಇವತ್ತಿನ ನನ್ನ ಪ್ರಬಂಧ ಹುಟ್ಟಿದ್ದು ಅಲ್ಲಿಂದ.

ಮಂಡಕ್ಕಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದರೆ ಉಗ್ಗಾಣಿ. ಜೊತೆಗೆ ಮಿರ್ಚಿ ಬಜ್ಜಿ ಬೇಕೇ ಬೇಕು. ಇದೇ ತಿಂಡಿ ದಾವಣಗೆರೆಯಲ್ಲಿ ಒಗ್ಗರಣೆ ಮಂಡಕ್ಕಿ, ಬಳ್ಳಾರಿಯಲ್ಲಿ ಮಂಡಾಳು ಒಗ್ಗರಣೆ. ತೆಲುಗಿನಲ್ಲಿ ಮಂಡಕ್ಕಿಗೆ 'ಬೊರುಗುಲು', ಒಗ್ಗರಣೆಗೆ 'ತಾಳಿಂಪು' ಅಥವಾ 'ಪೋಪು' ಅಂತಾರೆ. ತಿಂಡಿಯ ಹೆಸರಿನಲ್ಲಿ ಈ ಯಾವ ಪದವೂ ಇಲ್ಲ. ಹಾಗಾಗಿ ನಮ್ಮ 'ಒಗ್ಗರಣೆ'ಯೇ ಆಡುಮಾತಿನಲ್ಲಿ ಸವೆದು 'ಉಗ್ಗಾಣಿ' ಆಯಿತು ಅನ್ನೋದು ನನ್ನ ವಾದ.

ಇಟಾಲಿಯನ್ನರ 'ಸೊಫ್ರಿತ್ತೊ' ಪದವನ್ನು ಇಂಗ್ಲಿಷಿನವರಿಗೆ ಹೇಳಬೇಕಾದರೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿಯನ್ನು ಎಣ್ಣೆಯಲ್ಲಿ ಬಾಡಿಸೋದು ಅಂತ ಬಿಡಿಸಿ ಹೇಳಬೇಕು. ಒಗ್ಗರಣೆಯದೂ ಅದೇ ಪಾಡು. ಆದರೆ ಅಕ್ಕಪಕ್ಕದ ಮನೆಗಳಲ್ಲಿ ವಿವರಣೆ ಯಾರಿಗೆ ಬೇಕು? ತಟ್ಟೆಯ ಜೊತೆ ಪದವೂ ದಾಟುತ್ತದೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಎರಡೂ ಸಲ ಎಲ್ಲೆ ಬದಲಾಯಿತು, ಬೆಳಗಿನ ತಿಂಡಿ ಬದಲಾಗಲಿಲ್ಲ.

ನಮ್ಮ ಮನೆಯ ಚಿಕ್ಕಮಕ್ಕಳಿಗೆ ಈಗ ಕನ್ನಡ ಓದೋಕೆ ಬರಲ್ಲ. ಉಗ್ಗಾಣಿ ಮಾತ್ರ ಕೇಳಿ ಹಾಕಿಸ್ಕೊಳ್ತಾರೆ. ಗಡಿಯ ಕನ್ನಡವನ್ನು ಹುಡುಕುವವರು ಶಾಸನಗಳ ಜೊತೆ ಅಡುಗೆಮನೆಯನ್ನೂ ನೋಡಬೇಕು ಅಂತ ನನ್ನ ಕೋರಿಕೆ.