ಕನ್ನಡ ದೇವಾಂಗರು (ಸೇಲಂ, ಧರ್ಮಪುರಿ)

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ನೇಕಾರ ಸಮುದಾಯ. ಮನೆಮಾತು ಕನ್ನಡ, ಓದುಬರಹ ಹೆಚ್ಚಾಗಿ ತಮಿಳು. ತೆಲುಗು ಮನೆಮಾತಿನ ದೇವಾಂಗರೂ ಇರುವುದರಿಂದ ಜಾತಿಯ ಹೆಸರು ಹೇಳಿದ ಮಾತ್ರಕ್ಕೆ ಭಾಷೆ ತಿಳಿಯದು. ನೆರೆಯವರಿಗೆ ಇವರು ದೇವಾಂಗ ಚೆಟ್ಟಿಯಾರ್. ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ‘ದೇವಾಂಗರ್, ಸೇಡರ್’.

ದೇವಲ ಮಹರ್ಷಿಯೇ ಮೂಲಪುರುಷ ಎಂಬುದು ಕುಲಪುರಾಣ. ವಿಜಯನಗರದ ಕಾಲದಲ್ಲಿ ತೆಂಕಣಕ್ಕೆ ಬಂದೆವೆಂಬುದು ಹಿರಿಯರ ಹೇಳಿಕೆ. ಈ ನೆಲದಲ್ಲಿ ಕನ್ನಡ ಅದಕ್ಕೂ ಹಳೆಯದು. ಧರ್ಮಪುರಿಯಲ್ಲಿ 9ನೆಯ ಶತಮಾನದ ನೊಳಂಬ ದೊರೆ ಮಹೇಂದ್ರನ ಕನ್ನಡ ಶಾಸನಗಳು ದೊರೆತಿವೆ. ಈ ಭಾಗದ ಬಾರಾಮಹಲ್ ಸೀಮೆ 1792ರವರೆಗೆ ಟಿಪ್ಪುವಿನ ಮೈಸೂರಿಗೆ ಸೇರಿತ್ತು. ಹಾಗಾಗಿ ಇಲ್ಲಿನ ಕನ್ನಡಿಗರನ್ನೆಲ್ಲ ವಲಸಿಗರೆಂದು ಕರೆಯುವುದು ಅವಸರದ ಮಾತು.

ಕುಲದ ಗುರುತು ಎದ್ದು ಕಾಣುವುದು ಕುಲದೇವತೆ ಚೌಡೇಶ್ವರಿಯ ಹಬ್ಬದಲ್ಲಿ. ಗಂಡಸರು ಬರಿಮೈಯಲ್ಲಿ ಎದೆಗೆ, ತೋಳಿಗೆ ಅಲಗಿನಿಂದ ಹೊಡೆದುಕೊಳ್ಳುತ್ತ ದೇವಿಯನ್ನು ಕರೆತರುತ್ತಾರೆ. ಗಾಯಕ್ಕೆ ಬಂಡಾರವೇ (ಅರಿಸಿನ ಪುಡಿ) ಮದ್ದು.

ಹೀಗೆ ಎರಡು ಗುರುತುಳ್ಳವರನ್ನು ಜನಗಣತಿ ದಾಖಲಿಸುವ ಬಗೆ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿ ಮೊದಲ ಬಾರಿಗೆ ರಾಷ್ಟ್ರೀಯ ಗುರುತನ್ನು ಕೇಳಿತು. ಒಬ್ಬರೇ ವೆಲ್ಶ್ ಎಂದೂ ಬ್ರಿಟಿಷ್ ಎಂದೂ ಬರೆಸಬಹುದಿತ್ತು. ಆದರೆ ಭಾರತದ ಜನಗಣತಿಯಲ್ಲಿ ಬರೆಸಬಹುದಾದ ಮಾತೃಭಾಷೆ ಒಂದೇ. ಕನ್ನಡವೆಂದು ಬರೆಸಿದ ದೇವಾಂಗರ ತಮಿಳು ‘ತಿಳಿದ ಇತರ ಭಾಷೆ’ಗಳ ಸಾಲಿಗೆ ಹೋಗುತ್ತದೆ.