ಮಗುಚದ ಕೊನೆಯ ಎಲೆ: ಲಂಡನ್ನಿನ ಪೋರ್ಟ್‌ಲ್ಯಾಂಡ್ ಕ್ಲಬ್ಬೂ ಬ್ರಿಡ್ಜ್ ಆಟದ ಕಾನೂನೂ

1894ರ ಒಂದು ದಿನ ಲಂಡನ್ನಿನ ಪೋರ್ಟ್‌ಲ್ಯಾಂಡ್ ಕ್ಲಬ್ಬಿನಲ್ಲಿ ವಿಸ್ಟ್ ಆಟ ನಡೆದಿತ್ತು. ಎಲೆ ಹಂಚುವ ಸರದಿ ಲಾರ್ಡ್ ಬ್ರೂಮ್ ಅವರದು. ವಿಸ್ಟ್‌ನಲ್ಲಿ ಹಂಚುವವರು ತಮ್ಮ ಪಾಲಿಗೆ ಬರುವ ಕೊನೆಯ ಎಲೆಯನ್ನು ಮಗುಚಿ ತೋರಿಸಬೇಕು. ಅದು ಯಾವ ಜಾತಿಯದೋ ಆ ಜಾತಿಯೇ ತುರುಫು. ಬ್ರೂಮ್ ಎಲೆ ಮಗುಚಲಿಲ್ಲ. ಜೊತೆಯವರು ಎಚ್ಚರಿಸಿದಾಗ, ಬ್ರಿಡ್ಜ್ ಆಡುತ್ತಿದ್ದೇನೆಂದುಕೊಂಡೆ ಎಂದು ಕ್ಷಮೆ ಕೇಳಿದರಂತೆ. ಅದೆಂಥ ಆಟ ಎಂದು ಮೇಜಿನವರು ಕೇಳಿದರು, ಅವರು ಹೇಳಿಕೊಟ್ಟರು.

ಈ ಕಥೆ ಬಾಯಿಂದ ಬಾಯಿಗೆ ಬಂದದ್ದು. ಬ್ರಿಡ್ಜ್ ಇಂಗ್ಲೆಂಡಿಗೆ ಕಾಲಿಟ್ಟದ್ದು ಆ ದಿನವೇ ಎಂದು ಹೇಳುವುದಂತೂ ತಪ್ಪು. 1886ರಲ್ಲೇ ಜಾನ್ ಕಾಲಿನ್ಸನ್ ಎಂಬುವರು ‘ಬಿರಿಚ್ ಅಥವಾ ರಷ್ಯನ್ ವಿಸ್ಟ್’ ಎಂಬ ಪುಟ್ಟ ಹೊತ್ತಗೆಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದರು. ಆದರೆ ಬ್ರೂಮ್ ಎಲೆ ಮಗುಚದೆ ಬಿಟ್ಟ ಮರುವರ್ಷ, 1895ರಲ್ಲಿ, ಪೋರ್ಟ್‌ಲ್ಯಾಂಡ್ ಕ್ಲಬ್ ಈ ಆಟಕ್ಕೆ ಲಿಖಿತ ಕಾನೂನು ಮಾಡಿತು. ಈ ಕ್ಲಬ್ಬಿನ ಚರಿತ್ರೆಯಲ್ಲಿ ತೂಕವಿರುವುದು ಇಲ್ಲಿಯೇ. ಅದು ಯಾವ ಆಟವನ್ನೂ ಹುಟ್ಟಿಸಲಿಲ್ಲ. ಬೇರೆಡೆ ಹುಟ್ಟಿ ಅಲೆದುಬಂದ ಆಟಗಳಿಗೆ ಕಟ್ಟಳೆ ಬರೆಯಿತು.

ಕ್ಲಬ್ಬಿನ ಹುಟ್ಟಿನ ಕಥೆಯಲ್ಲೂ ನಿಯಮದ ಪ್ರಶ್ನೆಯೇ ಇದೆ. ಮೊದಲು ಅದು ಸ್ಟ್ರಾಟ್‌ಫರ್ಡ್ ಕ್ಲಬ್ ಆಗಿತ್ತು. ಒಬ್ಬ ಸದಸ್ಯ ಎಲ್ಲರಿಗೂ ಬೇಡವಾದ. ಹೊರಹಾಕಲು ನಿಯಮದಲ್ಲಿ ದಾರಿಯಿರಲಿಲ್ಲ. ಆಗ ಕ್ಲಬ್ಬನ್ನೇ ವಿಸರ್ಜಿಸಿ, ಆತನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸೇರಿ 1825ರಲ್ಲಿ ಪೋರ್ಟ್‌ಲ್ಯಾಂಡ್ ಕ್ಲಬ್ ಕಟ್ಟಿಕೊಂಡರು ಎಂಬುದು ಪ್ರತೀತಿ.

ಅಂದಿಗೆ ವಿಸ್ಟ್ ಆಟಕ್ಕೆ ಎಡ್ಮಂಡ್ ಹಾಯ್ಲ್ 1742ರಲ್ಲಿ ಬರೆದ ಕೈಪಿಡಿಯ ಪರಂಪರೆಯೇ ಆಧಾರ. ಕ್ಲಬ್ಬಿಗೊಂದು ರೂಢಿ, ಮೇಜಿಗೊಂದು ಜಗಳ. 1863ರಲ್ಲಿ ಜೆ. ಎಲ್. ಬಾಲ್ಡ್ವಿನ್ ಅವರ ಒತ್ತಾಸೆಯಿಂದ ಆರ್ಲಿಂಗ್ಟನ್ ಕ್ಲಬ್ ಹೊಸ ಸಂಹಿತೆಗೆ ಕೈಹಾಕಿತು. ಕರಡನ್ನು ತಿದ್ದಲು ಪೋರ್ಟ್‌ಲ್ಯಾಂಡ್ ಕ್ಲಬ್ಬಿನ ಸಮಿತಿಯೊಂದು ಕೂತಿತು. ಅದರ ಅಧ್ಯಕ್ಷರು ಹಲ್ ಕ್ಷೇತ್ರದ ಸಂಸತ್ ಸದಸ್ಯ ಜೇಮ್ಸ್ ಕ್ಲೇ, ಆ ಕಾಲದ ದೊಡ್ಡ ಆಟಗಾರ. 1864ರಲ್ಲಿ ಸಂಹಿತೆ ಹೊರಬಂತು. ಆಟದ ಮೇಲೆ ಕ್ಲೇ ಬರೆದ ಪ್ರಬಂಧವೂ ಜೊತೆಗಿತ್ತು.

ಆ ಸಂಹಿತೆಯನ್ನು ಓದಿದರೆ ಮೇಜಿನ ಸುತ್ತ ಏನೇನು ನಡೆಯುತ್ತಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ. ಕೈಯಲ್ಲಿ ಅದೇ ಜಾತಿಯ ಎಲೆಯಿದ್ದೂ ಬೇರೆಯದನ್ನು ಇಳಿಸಿದವರಿಗೆ ಮೂರು ಅಂಕ ಅಥವಾ ಮೂರು ಟ್ರಿಕ್‌ಗಳ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತುಗಳ) ದಂಡ. ಐದೇ ಅಂಕಕ್ಕೆ ಮುಗಿಯುವ ಆಟದಲ್ಲಿ ಇದು ಬೆನ್ನುಮುರಿಯುವ ಏಟು. ಇನ್ನೊಂದು ಕಟ್ಟಳೆ ಆಟಗಾರರಿಗಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೆ: ಅಂಕದ ತಪ್ಪೊಂದನ್ನು ಆಟಗಾರರ ಗಮನಕ್ಕೆ ತಂದವರು ಆ ಆಟದ ಪಣವನ್ನೂ ಬಾಜಿಯನ್ನೂ ತಮ್ಮ ಜೇಬಿನಿಂದ ತೆರಬೇಕಾಗಬಹುದು! ಹಳ್ಳಿಕಟ್ಟೆಯ ಇಸ್ಪೀಟಾಟದಲ್ಲಿ ಹೆಗಲ ಮೇಲಿಂದ ಇಣುಕಿ ಬುದ್ಧಿ ಹೇಳುವವರನ್ನು ಕಂಡವರಿಗೆ ಈ ಕಟ್ಟಳೆ ಯಾಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

1895ರ ಬ್ರಿಡ್ಜ್ ಇಂದಿನದಲ್ಲ. ತುರುಫಿಗಾಗಿ ಹರಾಜಿನಂತೆ ಪೈಪೋಟಿ ನಡೆಸುವ ಕೂಗು ಇರಲಿಲ್ಲ. ಎಲೆ ಹಂಚಿದವರೇ ತುರುಫು ಸಾರುತ್ತಿದ್ದರು, ಇಲ್ಲವೆ ಆ ಹೊಣೆಯನ್ನು ಎದುರಿನ ಜೊತೆಗಾರರಿಗೆ ಬಿಡುತ್ತಿದ್ದರು. ಒಂದು ಟ್ರಿಕ್ಕಿಗೆ ಇಸ್ಪೀಟಿನಲ್ಲಿ 2, ಕಳಾವರದಲ್ಲಿ 4, ಡೈಮನ್‌ನಲ್ಲಿ 6, ಆಟೀನಿನಲ್ಲಿ 8, ತುರುಫಿಲ್ಲದ ಆಟದಲ್ಲಿ 12 ಅಂಕ. ಇಂದು ಎಲ್ಲಕ್ಕಿಂತ ಮೇಲಿನ ಜಾತಿಯಾದ ಇಸ್ಪೀಟು ಆಗ ಎಲ್ಲಕ್ಕಿಂತ ಕೆಳಗಿತ್ತು.

ಮುಂದಿನ ತಿರುವಿಗೆ ಭಾರತದ ನೆಲದ ನಂಟಿದೆ. ಯಾವುದೋ ಬೆಟ್ಟದೂರಿನಲ್ಲಿ ಒಂದು ಕೈ ಕಡಿಮೆಬಿದ್ದು, ಮೂವರೇ ಆಂಗ್ಲ ಅಧಿಕಾರಿಗಳು ತುರುಫಿಗಾಗಿ ಕೂಗುವ ಕ್ರಮ ಹೂಡಿದರು ಎಂಬ ಕಥೆಯುಂಟು. ಕಥೆ ಹೇಗಾದರೂ ಇರಲಿ, ‘ಜಾನ್ ಡೋ’ ಎಂಬ ಗುಪ್ತನಾಮದಲ್ಲಿ ಎಫ್. ರೋ ಬರೆದ ಆಕ್ಷನ್ ಬ್ರಿಡ್ಜ್ ಪುಸ್ತಕ 1904ರಲ್ಲಿ ಅಲಹಾಬಾದಿನಲ್ಲಿ ಪ್ರಕಟವಾಯಿತು. ಲಂಡನ್ನಿನಲ್ಲಿ ಈ ಹರಾಜಿನ ಆಟವನ್ನು ಮೊದಲು ಅಪ್ಪಿಕೊಂಡದ್ದು ಬಾತ್ ಕ್ಲಬ್. 1908ರಲ್ಲಿ ಪೋರ್ಟ್‌ಲ್ಯಾಂಡ್ ಅದರೊಡನೆ ಕೂತು ಕಾನೂನು ಬರೆಯಿತು.

ಇಂದು ಆಡುವ ಕಾಂಟ್ರಾಕ್ಟ್ ಬ್ರಿಡ್ಜ್ ಆಟದ ಬೀಜವೂ ಭಾರತದಲ್ಲೇ ಒಮ್ಮೆ ಮೊಳೆತಿತ್ತು. ಎಷ್ಟು ಕೂಗಿದರೋ ಅಷ್ಟಕ್ಕೆ ಮಾತ್ರ ಆಟದ ಅಂಕ ಎಂಬ ತತ್ತ್ವವನ್ನು 1912ರಲ್ಲಿ ಪುಣೆಯಲ್ಲಿ ಹ್ಯೂ ಕ್ಲೇಟನ್ ಮತ್ತು ಗೆಳೆಯರು ಆಡಿ ನೋಡಿದರು. 1914ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಅದರ ವಿವರ ಕೊಟ್ಟಿತು. ಪುಣೆ ಅಂದು ಧಾರವಾಡ, ಬೆಳಗಾವಿ, ವಿಜಾಪುರಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದ ಊರು. ಆ ಮೊಳಕೆ ಅಲ್ಲೇ ಉಳಿಯಿತು. 1925ರಲ್ಲಿ ‘ಫಿನ್‌ಲ್ಯಾಂಡ್’ ಹಡಗಿನಲ್ಲಿ ಪನಾಮಾ ಕಾಲುವೆ ದಾಟುತ್ತ ಹೆರಾಲ್ಡ್ ವಾಂಡರ್‌ಬಿಲ್ಟ್ ರೂಪಿಸಿದ ಅಂಕಪದ್ಧತಿ ಮಾತ್ರ ಲೋಕವನ್ನೇ ಆವರಿಸಿತು. ಪೋರ್ಟ್‌ಲ್ಯಾಂಡ್ ಅದಕ್ಕೂ 1929ರಲ್ಲಿ ಸಂಹಿತೆ ಕೊಟ್ಟಿತು.

ಅಮೆರಿಕದ ಕಾನೂನು ಬೇರೆ, ಇಂಗ್ಲೆಂಡಿನದು ಬೇರೆ ಆಗಿದ್ದ ಕಾಲ 1932ಕ್ಕೆ ಮುಗಿಯಿತು. ನ್ಯೂಯಾರ್ಕಿನ ವಿಸ್ಟ್ ಕ್ಲಬ್, ಫ್ರಾನ್ಸಿನ ಬ್ರಿಡ್ಜ್ ಆಯೋಗ, ಪೋರ್ಟ್‌ಲ್ಯಾಂಡ್ ಕ್ಲಬ್ ಮೂರೂ ಸೇರಿ ಮೊದಲ ಅಂತಾರಾಷ್ಟ್ರೀಯ ಸಂಹಿತೆಯನ್ನು ಜಾರಿಗೆ ತಂದವು. ಯಾವ ಸರ್ಕಾರದ ಮುದ್ರೆಯೂ ಇಲ್ಲದ ಒಂದು ಖಾಸಗಿ ಕ್ಲಬ್ಬಿನ ಮಾತನ್ನು ಸಮುದ್ರದಾಚೆಯ ಆಟಗಾರರು ಒಪ್ಪಿ ನಡೆದದ್ದು ನಿಜಕ್ಕೂ ಅಚ್ಚರಿಯ ಸಂಗತಿ. ಸುಮಾರು ಎಪ್ಪತ್ತು ವರ್ಷಗಳ ಬರವಣಿಗೆ ಅದಕ್ಕೆ ಆ ಮರ್ಯಾದೆ ಗಳಿಸಿಕೊಟ್ಟಿತ್ತು.

ಆಡುವ ಬಗೆಯಲ್ಲಿ ಮಾತ್ರ ಕ್ಲಬ್ ಹಳೆಯ ದಾರಿ ಬಿಡಲಿಲ್ಲ. 1930ರಲ್ಲಿ ಲಂಡನ್ನಿನ ಆಲ್‌ಮ್ಯಾಕ್ಸ್ ಕ್ಲಬ್ಬಿನಲ್ಲಿ, ಸಂಕೇತವಿಲ್ಲದೆ ನೇರವಾಗಿ ಕೂಗಬೇಕೆಂದು ವಾದಿಸುತ್ತಿದ್ದ ಕರ್ನಲ್ ವಾಲ್ಟರ್ ಬುಲ್ಲರ್ ತಂಡವನ್ನು ಅಮೆರಿಕದ ಎಲಿ ಕಲ್ಬರ್ಟ್‌ಸನ್ ತಂಡ 200 ಕೈಗಳ ಪಂದ್ಯದಲ್ಲಿ 4,845 ಅಂಕಗಳಿಂದ ಮಣಿಸಿತು. ಪದ್ಧತಿಬದ್ಧ ಕೂಗಿನ ಬಲ ಆ ಪಂದ್ಯದಲ್ಲಿ ಎದ್ದು ಕಂಡಿತು. ಆದರೂ ಪೋರ್ಟ್‌ಲ್ಯಾಂಡ್ ತನ್ನ ಮೇಜುಗಳಲ್ಲಿ ಕೃತಕ ಸಂಕೇತಗಳಿಗೆ ಎಡೆಗೊಡಲಿಲ್ಲ.

ಇಂದು ಒಂದೇ ಹಂಚಿಕೆಯನ್ನು ಹಲವು ಮೇಜುಗಳಲ್ಲಿ ಆಡುವ ಡೂಪ್ಲಿಕೇಟ್ ಬ್ರಿಡ್ಜ್‌ನ ಕಾನೂನು ಹೊರಡಿಸುವುದು ವಿಶ್ವ ಬ್ರಿಡ್ಜ್ ಒಕ್ಕೂಟ. ಬೆಂಗಳೂರಿನ ಪಂದ್ಯಗಳೂ ಅದೇ ಕಾನೂನಿನಂತೆ ನಡೆಯುತ್ತವೆ. ಅದರ 76ನೆಯ ನಿಯಮ ನೋಡಲು ಬಂದವರನ್ನು ಕುರಿತದ್ದು: ಆಟದ ಯಾವ ವಿಷಯದತ್ತಲೂ ಅವರು ಆಟಗಾರರ ಗಮನ ಸೆಳೆಯಬಾರದು. 1864ರ ಮಂದಿ ವಿಧಿಸಿದ್ದ ಪಣದ ದಂಡ ಮಾತ್ರ ಅದರಲ್ಲಿಲ್ಲ.